ಬಾನೆಟ್ಟಿನ ಕೆಳಗಿನ ಬಿಲ

ಇಲಿ ಕಡಿದ ವೈರನ್ನು ಬೆಳಕಿಗೆ ಹಿಡಿದು ನೋಡಿದರೆ ಅದರ ಮೇಲೆ ಅಕ್ಕಪಕ್ಕದಲ್ಲೇ ಎರಡೆರಡು ಗೀರುಗಳು ಕಾಣುತ್ತವೆ. ಒಳಗಿನ ತಾಮ್ರದ ಎಳೆಗಳಲ್ಲಿ ಕೆಲವು ತುಂಡಾಗಿರುತ್ತವೆ, ಕೆಲವು ಹಾಗೇ ಉಳಿದಿರುತ್ತವೆ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಮಾತ್ರ ಬೆರಳುದ್ದಕ್ಕೂ ಹೋಗಿರುತ್ತದೆ. ಆಮೇಲೆ ಟಾರ್ಚ್ ಹಿಡಿದು ಬ್ಯಾಟರಿ ತಟ್ಟೆಯ ಮೂಲೆಯಲ್ಲೋ ಎಂಜಿನ್ನಿನ ಕೆಳಗಿನ ಹಲಗೆಯ ಮೇಲೋ ಹುಡುಕಬೇಕು. ಕೆಂಪು, ಹಳದಿ, ಕಪ್ಪು ಬಣ್ಣದ ಪ್ಲಾಸ್ಟಿಕ್ ಚೂರುಗಳು ಅಲ್ಲೇ ಉದುರಿ ಬಿದ್ದಿರುತ್ತವೆ. ಅವುಗಳ ಜೊತೆಗೆ ಅಕ್ಕಿಕಾಳಿಗಿಂತ ತುಸು ದಪ್ಪನೆಯ ಕಪ್ಪು ಹಿಕ್ಕೆ, ಒಂದಿಷ್ಟು ಹತ್ತಿ, ಕಡಲೆಕಾಯಿ ಸಿಪ್ಪೆ.

ಆ ಚೂರುಗಳೇ ಈ ಲೇಖನದ ಮುಖ್ಯ ಸಾಕ್ಷಿ. ಇಲಿ ವೈರನ್ನು ಹಸಿವಿಗೆ ತಿಂದಿದ್ದರೆ ಚೂರು ಉಳಿಯುತ್ತಿರಲಿಲ್ಲ. ಅದು ಕಡಿದಿದೆ, ಉಗುಳಿದೆ, ಮತ್ತೆ ಕಡಿದಿದೆ. ನಿಲ್ಲಿಸಿದ ಗಾಡಿ ಇಲಿಗೆ ಊಟವಲ್ಲ, ಮನೆ. ಇದನ್ನು ಅರಿಯದೆ ಮಾಡುವ ಉಪಾಯಗಳೆಲ್ಲ ಒಂದು ವಾರಕ್ಕೇ ಸೋಲುತ್ತವೆ.

ಹಿಂದೂಪುರ ಮತ್ತು ಕಲ್ಯಾಣದುರ್ಗದ ಸೀಮೆಯಲ್ಲಿ ಈ ಮನೆ ಹುಡುಕುವ ಪ್ರಾಣಿಗಳಿಗೆ ಕೊರತೆಯಿಲ್ಲ. 2022ರಲ್ಲಿ ಅನಂತಪುರ ಜಿಲ್ಲೆ ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆದರೆ ನೆಲದ ಗುಣ ಎರಡೂ ಕಡೆ ಒಂದೇ: ಬಂಡೆಗಲ್ಲಿನ ಗುಡ್ಡಗಳು, ಕುರುಚಲು ಕಾಡು, ಕೆಂಪು ಮಣ್ಣು, ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ, ಅದನ್ನೇ ನಂಬಿದ ಕಡಲೆಕಾಯಿ ಹೊಲ. ಹಿಂದೂಪುರದ ಮಾರುಕಟ್ಟೆಗೆ ಹುಣಸೆಹಣ್ಣು ಬರುತ್ತದೆ, ರೇಷ್ಮೆಗೂಡು ಬರುತ್ತದೆ. ಗೂಡಿನೊಳಗಿನ ಹುಳುವಿಗಾಗಿ ಇಲಿ ರೇಷ್ಮೆಗೂಡನ್ನೂ ಕೊರೆಯುತ್ತದೆ ಎಂಬುದು ರೇಷ್ಮೆ ಸಾಕುವವರಿಗೆಲ್ಲ ಗೊತ್ತು. ಮಡಕಶಿರಾ, ಅಮರಾಪುರ, ರೊಳ್ಳದ ಕಡೆಯ ಕನ್ನಡದ ಮನೆಗಳಲ್ಲಿ ಹೆಗ್ಗಣ ಎಂದೂ ಪಕ್ಕದ ತೆಲುಗಿನ ಮನೆಗಳಲ್ಲಿ ಪಂದಿಕೊಕ್ಕು ಎಂದೂ ಬೈಸಿಕೊಳ್ಳುವ ಪ್ರಾಣಿ ಎರಡೂ ಭಾಷೆಯವರ ಕಣಜವನ್ನು ಸಮನಾಗಿ ತೋಡುತ್ತದೆ.

ಇಲ್ಲಿ ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಹತ್ತುವವರೂ ಹೆಚ್ಚುತ್ತಿದ್ದಾರೆ. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಅರಸರು ನೆಲೆ ಮಾಡಿಕೊಂಡ ಪೆನುಕೊಂಡದ ಕೋಟೆಬೆಟ್ಟ, ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯ ಕೂರ್ಮಶೈಲ, ಮಡಕಶಿರಾದ ಕೋಟೆ, ಕಲ್ಯಾಣದುರ್ಗದ ಕಡೆಯ ಕುಂದುರ್ಪಿ ದುರ್ಗ. ಬೆಂಗಳೂರಿನಿಂದ ಮುಂಜಾನೆ ಹೊರಟು ಬಂದ ಕಾರು ಬೆಟ್ಟದ ಬುಡದ ಹುಣಸೆಮರದ ಕೆಳಗೆ ನಿಲ್ಲುತ್ತದೆ. ಎಂಜಿನ್ ಬಿಸಿ, ಸುತ್ತ ಬಂಡೆಗಳ ಸಂದು, ಹಿಂದಿನ ಸೀಟಿನಲ್ಲಿ ಬಿಚ್ಚಿಟ್ಟ ಚಿಪ್ಸ್ ಪ್ಯಾಕೆಟ್ಟು. ಇಲಿಗೆ, ಅಳಿಲಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ.

ಎಲ್ಲವೂ ಹಲ್ಲಿನಿಂದ ಶುರುವಾಗುತ್ತದೆ. ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ ಇವೆಲ್ಲ ದಂಶಕಗಳು. ಮೇಲೆರಡು, ಕೆಳಗೆರಡು ಬಾಚಿಹಲ್ಲು ಇವುಗಳಿಗೆ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಇಲಿಯ ಕೆಳಹಲ್ಲು ವಾರಕ್ಕೆ ಎರಡು ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಸವೆಯದೆ ಬಿಟ್ಟರೆ ವರ್ಷಕ್ಕೆ ಹತ್ತು ಸೆಂಟಿಮೀಟರ್ ದಾಟಿ, ಬಾಗಿ, ದವಡೆಯನ್ನೇ ಚುಚ್ಚೀತು. ಹಲ್ಲು ಒಂದಕ್ಕೊಂದು ಸರಿಯಾಗಿ ಕೂಡದ ಇಲಿ ಬಾಯಿ ಮುಚ್ಚಲಾರದೆ ಹಸಿವಿನಿಂದ ಸಾಯುತ್ತದೆ. ಹಾಗಾಗಿ ಕಡಿಯುವುದು ಅದಕ್ಕೆ ಚಟವಲ್ಲ, ಬದುಕು.

ಆ ಹಲ್ಲಿನ ಕಟ್ಟಡವನ್ನು ಎಷ್ಟು ಮೆಚ್ಚಿದರೂ ಕಡಿಮೆಯೇ. ಮುಂಬದಿಗೆ ಮಾತ್ರ ಗಟ್ಟಿ ದಂತಕವಚ, ಅದರಲ್ಲಿ ಕಬ್ಬಿಣದ ಅಂಶ ಸೇರಿರುವುದರಿಂದ ಹಳದಿ-ಕಿತ್ತಳೆ ಬಣ್ಣ. ಹಿಂಬದಿಯಲ್ಲಿ ಮೆದುವಾದ ದಂತದ್ರವ್ಯ. ಕಡಿದಂತೆಲ್ಲ ಹಿಂಬದಿ ಬೇಗ ಸವೆದು ಮುಂಬದಿಯ ಅಂಚು ಬಡಗಿಯ ಉಳಿಯ ಹಾಗೆ ಚೂಪಾಗಿ ನಿಲ್ಲುತ್ತದೆ. ಬೇರೆ ಸಾಣೆ ಬೇಡ. ಗಡಸುತನದ ಮೋಸ್ ಮಾಪಕದಲ್ಲಿ ಈ ಕವಚಕ್ಕೆ ಐದಕ್ಕಿಂತ ತುಸು ಮೇಲಿನ ಸ್ಥಾನ, ತಾಮ್ರಕ್ಕೆ ಮೂರು, ಸೀಸಕ್ಕೆ ಒಂದೂವರೆ. ಎಂದರೆ ವೈರಿನ ಸಿಪ್ಪೆ, ರಬ್ಬರ್ ಪೈಪು, ಅಲ್ಯೂಮಿನಿಯಂ ಹಾಳೆ ಯಾವುದೂ ಈ ಹಲ್ಲಿಗೆ ಲೆಕ್ಕಕ್ಕಿಲ್ಲ. ಇನ್ನೊಂದು ಅನುಕೂಲವೂ ಇದೆ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ದೊಡ್ಡ ಖಾಲಿ ಜಾಗವಿದ್ದು, ಕಡಿಯುವಾಗ ತುಟಿಯ ಚರ್ಮ ಅಲ್ಲಿ ಒಳಸರಿದು ಬಾಯಿಯನ್ನು ಮುಚ್ಚಿಬಿಡುತ್ತದೆ. ಹಲ್ಲು ಹೊರಗೆ, ಬಾಯಿ ಒಳಗೆ. ಕಡಿದ ಚೂರು ಗಂಟಲಿಗೆ ಹೋಗದೆ ಹೊರಗೇ ಉದುರುತ್ತದೆ. ಬ್ಯಾಟರಿ ತಟ್ಟೆಯಲ್ಲಿ ಸಿಕ್ಕ ಬಣ್ಣದ ಪುಡಿ ಹೀಗೆ ಬಂದದ್ದು.

ಈಚಿನ ವರ್ಷಗಳಲ್ಲಿ ಒಂದು ವಾದ ಬಲವಾಗಿ ಹಬ್ಬಿದೆ: ವೈರಿನ ಸಿಪ್ಪೆಗೆ ಸೋಯಾ ಬೆರೆಸುತ್ತಾರೆ, ಅದರ ರುಚಿಗೆ ಇಲಿ ಬರುತ್ತದೆ ಎಂದು. ಅಮೆರಿಕದಲ್ಲಿ ಟೊಯೊಟಾ ಕಂಪನಿಯ ವಿರುದ್ಧ 2016ರಲ್ಲಿ ಇದೇ ಆರೋಪದ ಮೇಲೆ ಮೊಕದ್ದಮೆ ಹೂಡಲಾಯಿತು. ಕಾರು ತಯಾರಕರು ಈ ವಾದವನ್ನು ಒಪ್ಪುವುದಿಲ್ಲ. ಸೋಯಾ ಬರುವ ಎಷ್ಟೋ ಮೊದಲೇ ಇಲಿಗಳು ಸೀಸದ ಕೊಳವೆಯನ್ನು, ಟೆಲಿಫೋನ್ ಕೇಬಲ್ಲನ್ನು, ಮನೆಯ ಮರದ ಬಾಗಿಲನ್ನು ಕಡಿದಿವೆ. ಸೀಸದಲ್ಲಿ ಯಾವ ರುಚಿಯಿತ್ತು? ಸೋಯಾ ಒಂದಿಷ್ಟು ಆಕರ್ಷಣೆ ಸೇರಿಸಿದರೂ ಸೇರಿಸಬಹುದು. ಆದರೆ ಅದನ್ನೇ ಮೂಲಕಾರಣವೆಂದು ನಂಬಿದರೆ ಮಾಲೀಕ ತನ್ನ ಕೈಯಲ್ಲಿರುವ ಪರಿಹಾರವನ್ನೂ ಬಿಟ್ಟುಕೊಡುತ್ತಾನೆ.

ಬಾನೆಟ್ಟಿನೊಳಗೆ ಹೋಗುವುದು ಬಹುಮಟ್ಟಿಗೆ ಮನೆಯಿಲಿ. ಉದ್ದ ಬಾಲದ, ಹಗುರ ಮೈಯ, ಹತ್ತುವುದರಲ್ಲಿ ಪಳಗಿದ ಪ್ರಾಣಿ. ಟೈರು ಹಿಡಿದು ಮೇಲೇರಿ, ಸಸ್ಪೆನ್ಷನ್ ಮೇಲೆ ನಡೆದು, ಎಂಜಿನ್ ಪಕ್ಕದ ಬಾಯಿಗಳಿಂದ ಒಳಗೆ ನುಸುಳುತ್ತದೆ. ಮರಿ ಇಲಿಗೆ ಒಂದೂಕಾಲು ಸೆಂಟಿಮೀಟರ್ ಸಂದು ಸಾಕು, ಸುಂಡಿಲಿಗೆ ಅದರ ಅರ್ಧ. ಹೆಗ್ಗಣ ದೊಡ್ಡದು, ಕಿಲೋ ತೂಗುವವೂ ಉಂಟು. ಅದು ನೆಲ ತೋಡುವುದರಲ್ಲಿ ಗಟ್ಟಿಗ, ಹತ್ತುವುದರಲ್ಲಿ ಅಲ್ಲ. ಹಾಗಾಗಿ ಅದರ ಹಾವಳಿ ಕೆಳಭಾಗದ ಪೈಪು, ಟೈರಿನ ಹತ್ತಿರದ ವೈರುಗಳಿಗೆ ಹೆಚ್ಚು. ಹೊಲದಲ್ಲಿ ಇನ್ನೂ ಬೇರೆಯವಿವೆ: ಮೆತ್ತನೆ ತುಪ್ಪಳದ ಹೊಲದಿಲಿ, ಬಾಲದ ತುದಿಯಲ್ಲಿ ಕುಚ್ಚಿರುವ ಜರ್ಬಿಲ್. ಕಡಲೆಕಾಯಿ ಕೀಳುವವರೆಗೆ ಅವಕ್ಕೆ ಹೊಲವೇ ಸ್ವರ್ಗ. ಹಗಲಿನಲ್ಲಿ ಮೂರು ಪಟ್ಟೆಯ ಅಳಿಲಿನ ಸರದಿ. ಗೂಡಿಗೆ ನಾರು ಬೇಕೆಂದು ಬೈಕಿನ ಸೀಟಿನ ಸ್ಪಂಜನ್ನೂ ಬಾನೆಟ್ಟಿನ ಒಳಹೊದಿಕೆಯನ್ನೂ ಕಿತ್ತು ಒಯ್ಯುತ್ತದೆ. ಮುಳ್ಳುಹಂದಿ ಈ ಗುಡ್ಡಗಳ ನಿಜವಾದ ನಿವಾಸಿ. ಬಿದ್ದ ಕೊಂಬು, ಎಲುಬುಗಳನ್ನು ಖನಿಜಕ್ಕಾಗಿ ಕಡಿಯುವ ಅದರ ಅಭ್ಯಾಸ ದಾಖಲಾಗಿದೆ. ಆದರೆ ಅದು ಮನುಷ್ಯನಿಂದ ದೂರವೇ ಇರುತ್ತದೆ.

ಕಡಿಯುವ ಸಾಲಿಗೆ ಸೇರದ ಕೋತಿಯನ್ನೂ ಇಲ್ಲಿ ಹೆಸರಿಸಬೇಕು. ನಂದಿಬೆಟ್ಟಕ್ಕೆ ಹೋದವರಿಗೆ ವೈಪರ್ ರಬ್ಬರ್ ಕೀಳುವ ಕೋತಿಯ ಪರಿಚಯವಿದ್ದೇ ಇರುತ್ತದೆ. ಅದರ ಕಾರಣ ಬೇರೆ, ಅದಕ್ಕೆ ತಿನಿಸು ಕೊಟ್ಟು ಅಭ್ಯಾಸ ಮಾಡಿಸಿದವರು ನಾವು.

ಜಗತ್ತಿನ ಬೇರೆ ಬೆಟ್ಟಗಳಲ್ಲಿ ಇದೇ ಸಮಸ್ಯೆಯ ಬೇರೆ ಮುಖಗಳಿವೆ. ಕ್ಯಾಲಿಫೋರ್ನಿಯಾದ ಸೆಕೋಯಾ ರಾಷ್ಟ್ರೀಯ ಉದ್ಯಾನಕ್ಕೆ 1978ರಲ್ಲಿ ಸೇರಿದ ಮಿನರಲ್ ಕಿಂಗ್ ಕಣಿವೆಯಲ್ಲಿ ಹಳದಿ ಹೊಟ್ಟೆಯ ಮಾರ್ಮಟ್‌ಗಳಿವೆ. ಅವು ಅಳಿಲಿನ ಬಳಗಕ್ಕೆ ಸೇರಿದ, ಬೆಕ್ಕಿನಷ್ಟು ದಪ್ಪನೆಯ ಪ್ರಾಣಿಗಳು. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಬಿಲದಲ್ಲಿ ನಿದ್ದೆ ಮಾಡಿ ವಸಂತದಲ್ಲಿ ಹೊರಬಂದಾಗ ಚಾರಣಿಗರ ಕಾರುಗಳ ರೇಡಿಯೇಟರ್ ಪೈಪು, ವೈರುಗಳನ್ನು ಕಡಿಯುತ್ತವೆ. ಅಲ್ಲಿನ ಚಾರಣಿಗರು ದೊಡ್ಡ ಟಾರ್ಪಾಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ಕಾರು ಓಡಿಸಿ ನಿಲ್ಲಿಸಿ, ನಾಲ್ಕೂ ಕಡೆಯಿಂದ ಮೇಲೆತ್ತಿ ಚಕ್ರಗಳು ಮುಚ್ಚುವಂತೆ ಹಗ್ಗ ಬಿಗಿಯುತ್ತಾರೆ. ಮೊದಲು ಕೋಳಿಬಲೆಯ ಬೇಲಿ ಸುತ್ತುತ್ತಿದ್ದರು, ಮಾರ್ಮಟ್‌ಗಳು ಅದರಡಿಯಿಂದ ನುಸುಳುವುದನ್ನು ಕಲಿತವು. ಕೆನಡಾದ ಬುಗಬೂ ಉದ್ಯಾನದಲ್ಲಿ ಮಾತ್ರ ಇವತ್ತಿಗೂ ಕೋಳಿಬಲೆಯನ್ನು ಕಾರಿನ ಸುತ್ತ ನಿಲ್ಲಿಸಿ, ಅಡಿಯಲ್ಲಿ ಕಲ್ಲು, ಕಟ್ಟಿಗೆ ಒತ್ತಿಡುತ್ತಾರೆ. ಅಲ್ಲಿನ ಮುಳ್ಳುಹಂದಿಗಳಿಗೆ ಬ್ರೇಕ್ ಪೈಪಿನ ರಬ್ಬರ್ ಇಷ್ಟ.

ಜರ್ಮನಿಯ ಕಥೆ ಇನ್ನೂ ವಿಚಿತ್ರ. ಅಲ್ಲಿ ವೈರು ಕಡಿಯುವುದು ದಂಶಕವೇ ಅಲ್ಲ, ಕಲ್ಲು ಮಾರ್ಟನ್ ಎಂಬ ಮುಂಗುಸಿಯಂಥ ಬೇಟೆಗಾರ. ವಿಮಾ ಕಂಪನಿಗಳ ಒಕ್ಕೂಟದ ಲೆಕ್ಕದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳಿಗೆ ಇದರಿಂದ ಹಾನಿ. ಕಾರಣ ಹಸಿವೂ ಅಲ್ಲ, ಹಲ್ಲಿನ ಬೆಳವಣಿಗೆಯೂ ಅಲ್ಲ. ಒಂದು ಮಾರ್ಟನ್ ಎಂಜಿನ್ ಮೇಲೆ ಮಲಗಿ ತನ್ನ ವಾಸನೆ ಬಿಟ್ಟುಹೋಗಿರುತ್ತದೆ. ಆ ಕಾರು ಮರುದಿನ ಇನ್ನೊಂದು ಮಾರ್ಟನ್‌ನ ಸರಹದ್ದಿನಲ್ಲಿ ನಿಂತರೆ ಅದು ಪ್ರತಿಸ್ಪರ್ಧಿಯ ವಾಸನೆಗೆ ಸಿಟ್ಟಾಗಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಒಂದೇ ಜಾಗದಲ್ಲಿ ನಿಲ್ಲುವ ಕಾರಿಗಿಂತ ಊರೂರು ಸುತ್ತುವ ಕಾರಿಗೆ ಅಲ್ಲಿ ಅಪಾಯ ಹೆಚ್ಚು. ನಮ್ಮಲ್ಲಿ ಇದರ ತಿರುಗುಮುರುಗು: ಓಡಾಡುವ ಗಾಡಿ ಕ್ಷೇಮ, ನಿಂತ ಗಾಡಿಗೆ ಗಂಡಾಂತರ. ಆದ್ದರಿಂದ ಪರದೇಶದ ಉಪಾಯವನ್ನು ಹಾಗೇ ತಂದು ಹಚ್ಚಲು ಬಾರದು. ಮೊದಲು ಪ್ರಾಣಿ ಯಾವುದು, ಅದಕ್ಕೆ ಬೇಕಾದದ್ದೇನು ಎಂದು ಕೇಳಬೇಕು.

ನಿಂತ ಗಾಡಿಯ ಕಷ್ಟ ಎಷ್ಟೆಂಬುದು 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ದೇಶಕ್ಕೆಲ್ಲ ತಿಳಿಯಿತು. ತಿಂಗಳುಗಟ್ಟಲೆ ಅಲುಗದ ಕಾರುಗಳ ಬಾನೆಟ್ ಎತ್ತಿದರೆ ಗೂಡು, ಮರಿ, ಕಡಿದ ವೈರು. ಅದೇ ವರ್ಷದ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದು ಹೊಸ ಗಾಡಿಗಳಲ್ಲಿ ಸೆನ್ಸರುಗಳು ಹೆಚ್ಚಿದವು. ಇಂದಿನ ಕಾರಿನಲ್ಲಿ ಎಳೆಎಳೆಯಾಗಿ ಬಿಡಿಸಿಟ್ಟರೆ ಕಿಲೋಮೀಟರುಗಟ್ಟಲೆ ಉದ್ದವಾಗುವಷ್ಟು ವೈರು ಇದೆ. ಹಳೆಯ ಜೀಪಿನಲ್ಲಿ ಒಂದು ವೈರು ಕಡಿದರೆ ಹಾರ್ನ್ ನಿಲ್ಲುತ್ತಿತ್ತು. ಈಗ ಆಕ್ಸಿಜನ್ ಸೆನ್ಸರಿನ ಒಂದು ಎಳೆ ಹೋದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿ ಗಾಡಿ ಎಳೆಯುವುದನ್ನೇ ಬಿಡಬಹುದು. ಪೆಟ್ರೋಲ್ ಪೈಪು ಕಡಿದಿದ್ದರಂತೂ ಬೆಂಕಿಯ ಭಯ.

ಇಲ್ಲಿನ ಪಂಚಾಂಗದಲ್ಲಿ ಅಪಾಯದ ದಿನಗಳನ್ನು ಮುಂಚಿತವಾಗಿಯೇ ಗುರುತು ಹಾಕಿಡಬಹುದು. ಕಲ್ಯಾಣದುರ್ಗದ ಕಡೆ ಜೂನ್-ಜುಲೈನಲ್ಲಿ ಬಿತ್ತಿದ ಕಡಲೆಕಾಯಿಯನ್ನು ಅಕ್ಟೋಬರ್-ನವೆಂಬರ್ ಹೊತ್ತಿಗೆ ಕೀಳುತ್ತಾರೆ. ಹೊಲ ಬರಿದಾದ ರಾತ್ರಿಯಿಂದಲೇ ಇಲಿಗಳಿಗೆ ಊಟವೂ ಮರೆಯೂ ಹೋಗುತ್ತದೆ. ಅವು ಬಳ್ಳಿಯ ಬಣವೆಗೆ, ಕಾಯಿ ತುಂಬಿದ ಚೀಲಗಳಿಗೆ, ಮನೆಯಂಗಳಕ್ಕೆ ಸರಿಯುತ್ತವೆ. ಬಣವೆಯ ಪಕ್ಕದಲ್ಲಿ ನಿಂತ ಟ್ರ್ಯಾಕ್ಟರು, ಸುಗ್ಗಿಗೆ ಊರಿಗೆ ಬಂದವರ ಕಾರು ಆಗ ಎದುರಿಗೆ ಸಿಗುವ ಮೊದಲ ಆಸರೆ. ಸಮುದ್ರಮಟ್ಟದಿಂದ ಆರುನೂರು ಮೀಟರ್ ಎತ್ತರದ ಹಿಂದೂಪುರದಲ್ಲಿ ಡಿಸೆಂಬರ್ ರಾತ್ರಿಗೆ ಚಳಿಯೂ ಇರುತ್ತದೆ. ಬಿಸಿ ಎಂಜಿನ್ನಿನ ಬೆಲೆ ಆಗ ಇನ್ನೂ ಏರುತ್ತದೆ.

ಇನ್ನು ಉಪಾಯಗಳ ಮಾತು. ಹೊಗೆಸೊಪ್ಪು, ನುಸಿಗುಳಿಗೆ, ಫಿನಾಯಿಲ್, ಪುದೀನ ಎಣ್ಣೆ, ಅಲ್ಟ್ರಾಸೌಂಡ್ ಡಬ್ಬಿ. ಪ್ರತಿಯೊಂದಕ್ಕೂ 'ನನಗೆ ಕೆಲಸ ಮಾಡಿತು' ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಇಲಿಗೆ ಹೊಸತೆಂದರೆ ಭಯ. ತನ್ನ ಪರಿಚಿತ ದಾರಿಯಲ್ಲಿ ನಿನ್ನೆ ಇಲ್ಲದ ವಸ್ತು ಇಂದು ಕಂಡರೆ, ಅದು ಹೊಗೆಸೊಪ್ಪಾಗಲಿ ಬರೀ ಇಟ್ಟಿಗೆಯಾಗಲಿ, ಕೆಲವು ದಿನ ದೂರ ಸರಿಯುತ್ತದೆ. ಪ್ರಾಣಿವರ್ತನೆ ಅಧ್ಯಯನ ಮಾಡುವವರು ಬಹಳ ಹಿಂದೆಯೇ ಗುರುತಿಸಿದ ಗುಣ ಇದು. ಏನೂ ಅಪಾಯವಾಗದಿದ್ದರೆ ಮತ್ತೆ ಬರುತ್ತದೆ. ಮಾಲೀಕ ಗೆದ್ದೆನೆಂದುಕೊಂಡ ವಾರದಲ್ಲಿ ಗೆದ್ದದ್ದು ಹೊಗೆಸೊಪ್ಪಿನ ಘಾಟಲ್ಲ, ಇಲಿಯ ಸಂಶಯ.

ಅಲ್ಟ್ರಾಸೌಂಡ್ ಡಬ್ಬಿಗೂ ಇದೇ ಗತಿ. ಇಲಿಗಳು ನಮಗೆ ಕೇಳದ ಶ್ರುತಿಯಲ್ಲಿ ತಮ್ಮತಮ್ಮಲ್ಲೇ ಮಾತಾಡುತ್ತವೆ, ಅಪಾಯದ ಕೂಗು ಸುಮಾರು 22 ಕಿಲೋಹರ್ಟ್ಸ್‌ನದು. ಆದರೆ ಒಂದೇ ಸಮನೆ ಕೂಗುವ ಡಬ್ಬಿಗೆ ಅವು ಒಗ್ಗಿಕೊಳ್ಳುತ್ತವೆ, ಆ ಶಬ್ದ ವೈರಿನ ಕಟ್ಟಿನ ಹಿಂದಿನ ಮರೆಗೆ ತಲುಪುವುದೂ ಇಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲಿ ಇಂಥ ಯಂತ್ರಗಳ ಅರವತ್ತಕ್ಕೂ ಹೆಚ್ಚು ತಯಾರಕರು, ಮಾರಾಟಗಾರರಿಗೆ, ಆಧಾರವಿಲ್ಲದೆ ಹೇಳಿಕೆ ಕೊಡಬೇಡಿ ಎಂದು ಎಚ್ಚರಿಕೆಯ ಪತ್ರ ಕಳಿಸಿತ್ತು.

ಮೆಣಸಿನಕಾಯಿಯದು ಸ್ವಲ್ಪ ಬೇರೆ ಲೆಕ್ಕ. ಅದರ ಖಾರದ ಅಂಶವಾದ ಕ್ಯಾಪ್ಸೈಸಿನ್ ಸಸ್ತನಿಗಳ ನರದಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ತಟ್ಟುತ್ತದೆ. ಆ ಗ್ರಾಹಕವನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಿಗೆ ಖಾರ ತಟ್ಟುವುದಿಲ್ಲ, ಇಲಿಗೆ ತಟ್ಟುತ್ತದೆ. ಹೋಂಡಾ ಕಂಪನಿ ಕ್ಯಾಪ್ಸೈಸಿನ್ ಸವರಿದ ಟೇಪನ್ನೇ ವೈರಿಗೆ ಸುತ್ತಲು ಮಾರುತ್ತದೆ. ವಾಸನೆಯ ಉಪಾಯಗಳಿಗಿಂತ ಇದು ಮೇಲು, ಏಕೆಂದರೆ ಇದು ಕಡಿದ ಬಾಯಿಗೇ ಉತ್ತರ ಕೊಡುತ್ತದೆ. ಆದರೆ ಸುತ್ತದೆ ಬಿಟ್ಟ ವೈರು ಯಾವಾಗಲೂ ಉಳಿದಿರುತ್ತದೆ.

ನಿಜವಾದ ರಕ್ಷಣೆ ಗಾಡಿ ನಿಲ್ಲಿಸುವ ಜಾಗದಲ್ಲಿದೆ. ಇಲಿ ಬಯಲನ್ನು ದಾಟಲು ಹೆದರುತ್ತದೆ. ಮೀಸೆ ಗೋಡೆಗೆ ತಾಗಿಸಿಕೊಂಡೇ ಓಡುವ ಪ್ರಾಣಿ ಅದು. ಗೋಡೆ, ಕಟ್ಟಿಗೆ ರಾಶಿ, ಬಣವೆ, ಪೊದೆ, ಬಂಡೆಸಂದುಗಳಿಂದ ನಾಲ್ಕಾರು ಹೆಜ್ಜೆ ದೂರ, ಬೋಳು ನೆಲದ ಮೇಲೆ ನಿಂತ ಕಾರು ಅದರ ದಾರಿಯಿಂದಲೇ ಹೊರಗುಳಿಯುತ್ತದೆ. ಪೆನುಕೊಂಡದಲ್ಲೋ ಲೇಪಾಕ್ಷಿಯಲ್ಲೋ ನೆರಳಿಗಾಗಿ ಬಂಡೆಗೆ ಒತ್ತಿ ನಿಲ್ಲಿಸುವ ಬದಲು ಬಯಲಿನ ಬಿಸಿಲನ್ನು ಸಹಿಸುವುದು ಮೇಲು. ಗಾಡಿಯೊಳಗೆ ಕಡಲೆಕಾಯಿ, ಪ್ರಸಾದ, ಬಿಸ್ಕತ್ತಿನ ಚೂರು ಉಳಿಯಬಾರದು. ಕಲ್ಯಾಣದುರ್ಗದ ಸುತ್ತಿನ ಗುಡ್ಡಗಳಲ್ಲಿ ಕರಡಿಗಳಿವೆ, ರಾತ್ರಿ ಹಳ್ಳಿಗಳಿಗೂ ಇಳಿಯುತ್ತವೆ. ಅವುಗಳ ಮೂಗೂ ಬಹಳ ಚುರುಕು. ಆ ಕಡೆಗೆ ಹೋಗುವವರು ತಿನಿಸಿನ ವಿಷಯದಲ್ಲಿ ಇನ್ನಷ್ಟು ಶಿಸ್ತಿನಿಂದಿರಬೇಕು.

ಮನೆಯಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಯಾದರೆ ಎರಡು ಮೂರು ದಿನಕ್ಕೊಮ್ಮೆ ಒಂದು ಸುತ್ತು ಓಡಿಸಬೇಕು. ಕಾಯುವವರಿರುವ ಮುಚ್ಚಿದ ಶೆಡ್ಡಿನಲ್ಲಿದ್ದರೆ ಬಾನೆಟ್ ಎತ್ತಿಟ್ಟು ಒಂದು ದೀಪ ಹಾಕಿಡುವುದು ಸರಳವಾದ, ಖರ್ಚಿಲ್ಲದ ಉಪಾಯ. ಕತ್ತಲೆ ಹೋದರೆ ಅದು ಬಿಲವಾಗಿ ಉಳಿಯುವುದಿಲ್ಲ. ಗಾಳಿ ಒಳಬರುವ ಬಾಯಿಗಳಿಗೆ, ಏಸಿ ಬ್ಲೋವರಿನ ಮುಂಭಾಗಕ್ಕೆ ಆರು ಮಿಲಿಮೀಟರ್ ಕಣ್ಣಿನ ಉಕ್ಕಿನ ಜಾಲರಿ ಹಾಕಿಸಬಹುದು. ಪ್ಲಾಸ್ಟಿಕ್ ಜಾಲರಿ, ಸೊಳ್ಳೆಪರದೆ ಪ್ರಯೋಜನವಿಲ್ಲ, ಆ ಹಲ್ಲಿನ ಮುಂದೆ ನಿಲ್ಲುವುದಿಲ್ಲ. ರೇಡಿಯೇಟರಿನ ಗಾಳಿಯನ್ನು ಮಾತ್ರ ಎಂದೂ ಮುಚ್ಚಬಾರದು. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ತಟ್ಟಿದರೆ ಒಳಗೆ ಮಲಗಿದ ಬೆಕ್ಕಿನಮರಿಯೋ ಅಳಿಲೋ ಜೀವ ಉಳಿಸಿಕೊಳ್ಳುತ್ತದೆ. ಇಲಿ ಹೋದಲ್ಲಿಗೆ ಹಾವೂ ಹೋಗುವುದರಿಂದ, ಕತ್ತಲೆಯಲ್ಲಿ ಬರಿಗೈ ಹಾಕುವುದಂತೂ ಬೇಡವೇ ಬೇಡ.

ವಿಷದ ದಾರಿಯನ್ನು ಹಿಡಿಯಬಾರದು ಎಂದು ಒತ್ತಿ ಹೇಳಬೇಕಾಗಿದೆ. ಅಂಗಡಿಯಲ್ಲಿ ಸಿಗುವ ಬ್ರೋಮಾಡಿಯೋಲೋನ್ ಬಿಲ್ಲೆ ರಕ್ತ ಹೆಪ್ಪುಗಟ್ಟಲು ಬೇಕಾದ ಕೆ ಜೀವಸತ್ವದ ಚಕ್ರವನ್ನು ತಡೆಯುತ್ತದೆ. ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ತೂಕಡಿಸುತ್ತ ಬಯಲಲ್ಲಿ ಅಲೆಯುತ್ತದೆ. ಕಣಜಗೂಬೆಗೆ, ಹಾಲಕ್ಕಿಗೆ, ಕೇರೆಹಾವಿಗೆ, ಕಪ್ಪಲು ನರಿಗೆ ಸುಲಭವಾಗಿ ಸಿಗುವುದು ಆ ಇಲಿಯೇ. ವಿಷ ಅವುಗಳ ಮೈಗೂ ಸೇರುತ್ತದೆ. ಮರಿಗಳಿರುವ ಒಂದು ಕಣಜಗೂಬೆಯ ಜೋಡಿ ರಾತ್ರಿಗೆ ಹಲವು ಇಲಿಗಳನ್ನು ಹಿಡಿಯುತ್ತದೆ. ಅದನ್ನು ಕೊಂದರೆ, 21-23 ದಿನಕ್ಕೆ ಗರ್ಭ ಪೂರೈಸಿ ಒಮ್ಮೆಗೆ ಆರೆಂಟು ಮರಿ ಹಾಕುವ ಇಲಿಯ ಸಂಸಾರ ಬೇಗ ತುಂಬಿಕೊಳ್ಳುತ್ತದೆ, ಗೂಬೆಯದು ತುಂಬುವುದಿಲ್ಲ. ಅಂಟುಹಲಗೆ ಇನ್ನೂ ಕ್ರೂರ, ಅದರಲ್ಲಿ ಓತಿ, ಹಲ್ಲಿ, ಗುಬ್ಬಿಗಳೂ ಚರ್ಮ ಹರಿದುಕೊಂಡು ಸಾಯುತ್ತವೆ. ಹಿಡಿಯಲೇಬೇಕಾದರೆ ಹಳೆಯ ಇಲಿಬೋನೇ ಸಾಕು.

ಕಡಿತ ಆಗಿಹೋಗಿದ್ದರೆ ದುರಸ್ತಿಯಲ್ಲಿ ಎರಡು ಮಾತು. ಗೂಡು ಬಿಚ್ಚುವವರು ರಬ್ಬರ್ ಗ್ಲೌಸ್ ಹಾಕಿಕೊಳ್ಳಬೇಕು, ಒಣಹಿಕ್ಕೆಯನ್ನು ಗುಡಿಸದೆ ಬ್ಲೀಚಿಂಗ್ ನೀರಿನಿಂದ ತೋಯಿಸಿ ಬಟ್ಟೆಯಲ್ಲಿ ತೆಗೆಯಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಅಷ್ಟೇ ಅಲ್ಲದೆ ಆ ವಾಸನೆ ಉಳಿದರೆ ಮುಂದಿನ ಇಲಿಗೆ ಅದೇ ವಿಳಾಸ. ಕಡಿದ ವೈರನ್ನು ಬರೀ ಹೊಸೆದು ಟೇಪು ಸುತ್ತಿದರೆ ಮುಂದಿನ ಮಳೆಗಾಲಕ್ಕೆ ತಾಮ್ರ ಹಸಿರುಗಟ್ಟುತ್ತದೆ. ಬೆಸುಗೆ ಹಾಕಿಸಿ, ಬಿಸಿಗೆ ಕುಗ್ಗುವ ಕೊಳವೆ ಹೊದಿಸಿ, ಮೇಲೆ ಹೆಣೆದ ಉಕ್ಕಿನ ಕವಚ ಏರಿಸಬೇಕೆಂದು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಬೇಕು. ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್ಲಿನಲ್ಲಿ ಹಲ್ಲಿನ ಗುರುತು ಕಂಡರೆ ಮಾತ್ರ ಯಾರೂ ಕೈ ಹಚ್ಚಬಾರದು. ಅದರಲ್ಲಿ ಹರಿಯುವುದು ನೂರಾರು ವೋಲ್ಟ್, ಅದು ತರಬೇತಿ ಪಡೆದವರ ಕೆಲಸ.